ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಎಂಥ ಹಾಳೆ ಹಂಚಬೇಕು?

ಕಂಪ್ಯೂಟರ್ ತರಗತಿಯಲ್ಲಿ ಹಂಚುವ ಹಾಳೆ ತರಗತಿಯ ಹೊತ್ತಿನಲ್ಲಿ ಯಾರಿಗೂ ಅಷ್ಟಾಗಿ ಬೇಕಾಗುವುದಿಲ್ಲ. ಎದುರಿಗೆ ಕಲಿಸುವವರಿದ್ದಾರೆ, ಪಕ್ಕದ ಕುರ್ಚಿಯಲ್ಲಿ ಜೊತೆಗಾರರಿದ್ದಾರೆ, ಕೇಳಿದರೆ ಆಯಿತು. ಹಾಳೆ ಬೇಕಾಗುವುದು ನಾಲ್ಕು ದಿನ ಬಿಟ್ಟು, ಕಲಿತವರು ಒಬ್ಬರೇ ಬಂದು ಕಂಪ್ಯೂಟರ್ ಮುಂದೆ ಕುಳಿತಾಗ. ಆಗ ಗ್ರಂಥಾಲಯದ ಮೇಲ್ವಿಚಾರಕರು ಪಂಚಾಯಿತಿ ಕಚೇರಿಗೆ ಹೋಗಿರುತ್ತಾರೆ, ಕೇಳಲು ಯಾರೂ ಇರುವುದಿಲ್ಲ. ಕೈಯಲ್ಲಿರುವುದು ಮಡಚಿದ ಆ ಹಾಳೆ ಒಂದೇ.

ಕೊಪ್ಪಳ ಜಿಲ್ಲೆಯ ಒಂದು ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ನಾನು ವಾರಕ್ಕೆ ಎರಡು ಸಂಜೆ ಕಲಿಸುತ್ತೇನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಹಲವು ಕಡೆ ಪುಸ್ತಕದ ಕಪಾಟುಗಳ ಪಕ್ಕದಲ್ಲಿ ಕಂಪ್ಯೂಟರುಗಳೂ ಬಂದವು. ಯಂತ್ರ ಬಂತು, ಕಲಿಯುವ ಜನರೂ ಬಂದರು. ಕಲಿತದ್ದನ್ನು ಮನೆಗೆ ಹೊತ್ತೊಯ್ಯುವ ಹಾಳೆಯನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು. ಈ ಕೆಲಸ ಹೊಸದಾಗಿ ಹಿಡಿದವರು ಮೊದಲು ಕೇಳುವುದು ಪುಸ್ತಿಕೆ ಮಾಡಲೋ, ಬಿಡಿ ಹಾಳೆ ಮಾಡಲೋ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡಲೋ ಎಂದು. ನನ್ನ ಉತ್ತರ ಪ್ರತಿ ಸಲವೂ ಒಂದೇ: ಅದನ್ನು ಅವರು ಎಲ್ಲಿ, ಯಾವಾಗ ಬಿಚ್ಚಿ ನೋಡುತ್ತಾರೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅದು ಗೊತ್ತಾದರೆ ಉಳಿದ ಆಯ್ಕೆಗಳು ಅರ್ಧ ತೀರ್ಮಾನವಾದಂತೆಯೇ.

ಪುಸ್ತಿಕೆಯೋ, ಬಿಡಿ ಹಾಳೆಯೋ

ಪುಸ್ತಿಕೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಒಂದು ಎ4 ಹಾಳೆಯನ್ನು ಅಡ್ಡಕ್ಕೆ ಮಡಚಿದರೆ ಎ5 ಅಳತೆಯ ನಾಲ್ಕು ಪುಟ. ನಾಲ್ಕು ಹಾಳೆ ಸೇರಿಸಿ ನಡುವೆ ಎರಡು ಪಿನ್ ಹೊಡೆದರೆ ಹದಿನಾರು ಪುಟದ ಪುಸ್ತಿಕೆ ಸಿದ್ಧ. ಮೌಸ್ ಹಿಡಿಯುವುದರಿಂದ ಹಿಡಿದು ಪಹಣಿ ತೆಗೆಯುವವರೆಗೆ ಎಲ್ಲವೂ ಅದರಲ್ಲಿ ಹಿಡಿಸುತ್ತದೆ. ನೋಡಲು ಚೆಂದ, ಮೇಲಿನವರಿಗೆ ತೋರಿಸಲೂ ಚೆಂದ.

ಆದರೆ ನಮ್ಮ ಜನ ಪುಸ್ತಕ ಎಂದರೆ ಜೋಪಾನವಾಗಿ ಎತ್ತಿಡುತ್ತಾರೆ. ನಾನು ಕೊಟ್ಟ ಮೊದಲ ಪುಸ್ತಿಕೆಗಳು ಮನೆಯ ಟ್ರಂಕಿನಲ್ಲಿ, ಮಕ್ಕಳ ಅಂಕಪಟ್ಟಿಯ ಜೊತೆಗೆ, ಒಂದು ಗೀರೂ ಬೀಳದೆ ಉಳಿದವು. ಕೇಂದ್ರಕ್ಕೆ ಬರುವಾಗ ಅದನ್ನು ತಂದವರೇ ಇಲ್ಲ. ತಂದರೂ ಒಂಬತ್ತನೆಯ ಪುಟ ಹುಡುಕಬೇಕು, ಹುಡುಕುವಷ್ಟರಲ್ಲಿ ಪರದೆಯ ಮೇಲೆ ಎಲ್ಲಿದ್ದೆವು ಎಂಬುದು ಮರೆತುಹೋಗುತ್ತದೆ. ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಸರ್ಕಾರಿ ಜಾಲತಾಣದ ಒಂದು ಪುಟ ಬದಲಾದರೆ ಹದಿನಾರು ಪುಟವೂ ಹಳೆಯದಾಗುತ್ತದೆ. ಬಿಡಿ ಹಾಳೆಯಾದರೆ ಅದೊಂದನ್ನು ತಿದ್ದಿ ಹೊಸದು ಕೊಟ್ಟರೆ ಸಾಕು.

ನಮ್ಮ ಕಡೆಗೇ ಸೇರಿದ ಕಾರಣ ಒಂದಿದೆ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ತರಗತಿ ಅರ್ಧ ಖಾಲಿ. ಇಪ್ಪತ್ತು ದಿನ ತಪ್ಪಿಸಿಕೊಂಡು ಮರಳಿ ಬಂದವರಿಗೆ 'ಹಿಂದಿನ ಪಾಠದಲ್ಲಿ ಹೇಳಿದಂತೆ' ಎಂದು ಶುರುವಾಗುವ ಪುಟದಿಂದ ಏನೂ ದಕ್ಕುವುದಿಲ್ಲ. ಪ್ರತಿ ಹಾಳೆಯೂ ತನ್ನಷ್ಟಕ್ಕೆ ತಾನು ಪೂರ್ತಿಯಾಗಿರಬೇಕು: ಒಂದು ಹಾಳೆಗೆ ಒಂದೇ ಕೆಲಸ. 'ಇಂಟರ್ನೆಟ್ ಪರಿಚಯ' ಎನ್ನುವುದು ಕೆಲಸವಲ್ಲ. 'ಪಹಣಿ ನೋಡುವುದು', 'ಫೋಟೋದ ಗಾತ್ರ ಇಳಿಸುವುದು', 'ಬರೆದದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು', ಇವು ಕೆಲಸಗಳು. ಹಾಳೆಯ ತಲೆಬರಹ ಓದಿದವರಿಗೆ 'ಇದು ನನಗೆ ಬೇಕು' ಅಥವಾ 'ಬೇಡ' ಎಂದು ಅಲ್ಲೇ ಗೊತ್ತಾಗಬೇಕು.

ಪುಸ್ತಿಕೆಯೇ ಸರಿ ಎನ್ನುವ ಒಂದು ಸಂದರ್ಭ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮೂರು ತಿಂಗಳು ತಪ್ಪದೆ ಬಂದು ಕನ್ನಡ ಟೈಪಿಂಗ್ ಕಲಿಯುವುದಾದರೆ ಅವರಿಗೆ ಪುಸ್ತಿಕೆ ಕೊಡಿ. ಕೀಲಿಮಣೆ ವರ್ಷ ವರ್ಷ ಬದಲಾಗುವುದಿಲ್ಲ. ಅಭ್ಯಾಸ ದಿನದಿಂದ ದಿನಕ್ಕೆ ಮುಂದುವರಿಯುತ್ತದೆ, ಪುಟ ತಿರುವುವುದರಲ್ಲಿ ಅರ್ಥವಿದೆ.

ಅಳತೆ ಮತ್ತು ಮಡಿಕೆ

ಕಳೆದ ವರ್ಷ ಹೊಲಿಗೆ ಕೆಲಸ ಮಾಡುವ ಅಕ್ಕ ಒಬ್ಬರು ಸಂಚಿಯಿಂದ ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಎ4 ಹಾಳೆ, ಮೂರು ಸಲ ಮಡಚಿದ್ದು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಮಸಿ ಉದುರಿ ಬಿಳಿ ಗೆರೆ ಮೂಡಿತ್ತು. ಅಡ್ಡಗೆರೆ ಸರಿಯಾಗಿ ನಾಲ್ಕನೆಯ ಹಂತದ ಮೇಲೆ ಹಾದುಹೋಗಿತ್ತು. "ಟೀಚರ್, ಮೂರರ ತನಕ ನಾನೇ ಮಾಡಿದೆ, ಮುಂದಿನದು ಅಳಿಸಿಹೋಗಿದೆ" ಎಂದರು. ಅವರು ಮೂರು ಹಂತ ತಾವೇ ಮಾಡಿದ್ದರು. ನಾಲ್ಕನೆಯದರಲ್ಲಿ ಅವರ ಕೈ ಬಿಟ್ಟದ್ದು ನಾನು ಹಾಳೆ ಮಾಡಿದ ರೀತಿ.

ಅಂದಿನಿಂದ ಮಡಿಕೆಯನ್ನು ಲೆಕ್ಕಕ್ಕೆ ಹಿಡಿದೇ ಹಾಳೆ ಬರೆಯುತ್ತೇನೆ. ಎ4 ಎಂದರೆ 210 × 297 ಮಿ.ಮೀ. ಅಂಗಿಯ ಜೇಬಿಗೆ ಅಥವಾ ಸಂಚಿಗೆ ಹೊಂದಬೇಕಾದರೆ ಮೂರು ಸಲ ಮಡಚಲೇಬೇಕು. ಅದರ ಅರ್ಧವಾದ ಎ5 ಎಂದರೆ 148 × 210 ಮಿ.ಮೀ. ಎರಡು ಮಡಿಕೆಗೇ ಅದೇ 74 × 105 ಮಿ.ಮೀ. ಅಳತೆಗೆ ಬರುತ್ತದೆ. ಮಡಿಕೆ ಕಡಿಮೆಯಾದಷ್ಟೂ ಅಕ್ಷರ ಹೆಚ್ಚು ದಿನ ಬಾಳುತ್ತದೆ. ಎ5ರಲ್ಲಿ ಮಡಿಕೆ ಬೀಳುವುದು ನಟ್ಟನಡುವೆ, ಉದ್ದಕ್ಕೊಂದು ಅಡ್ಡಕ್ಕೊಂದು. ಹಂತಗಳನ್ನು ಮೇಲರ್ಧಕ್ಕೆ ಇಷ್ಟು, ಕೆಳಗರ್ಧಕ್ಕೆ ಇಷ್ಟು ಎಂದು ಹಂಚಿ, ನಡುವೆ ಒಂದು ಬೆರಳಿನ ಜಾಗ ಖಾಲಿ ಬಿಡಿ. ಉದ್ದದ ಮಡಿಕೆ ತಪ್ಪಿಸಲು ಎಡಕ್ಕೆ ಚಿತ್ರ, ಬಲಕ್ಕೆ ಮಾತು ಇಟ್ಟರೆ ಗೆರೆ ಎರಡರ ನಡುವೆ ಬೀಳುತ್ತದೆ. ಒಂದು ಎ4ರಲ್ಲಿ ಎರಡು ಎ5 ಬರುವುದರಿಂದ ಝೆರಾಕ್ಸ್ ಖರ್ಚೂ ಅರ್ಧಕ್ಕೆ ಇಳಿಯುತ್ತದೆ.

ಎ5 ಸಾಲದು ಎನ್ನಿಸಿದರೆ ಹೆಚ್ಚಿನ ಸಲ ಹಾಳೆ ಚಿಕ್ಕದಾಗಿರುವುದಿಲ್ಲ, ನೀವು ಎರಡು ಕೆಲಸಗಳನ್ನು ಒಂದರಲ್ಲಿ ತುರುಕುತ್ತಿರುತ್ತೀರಿ. ಎರಡು ಹಾಳೆ ಮಾಡಿ. ವಯಸ್ಸಾದವರೇ ಹೆಚ್ಚಿರುವ ತರಗತಿಗೆ ಮಾತ್ರ ನಾನು ಎ4 ಬಳಸುತ್ತೇನೆ, ಅಕ್ಷರ ದೊಡ್ಡದಿರಬೇಕು ಎಂಬ ಒಂದೇ ಕಾರಣಕ್ಕೆ.

ಅಕ್ಷರದ ಮಾತು ಬಂದಾಗ ಇದನ್ನೂ ಹೇಳಬೇಕು. ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಏಕೆಂದರೆ ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಕ್ಷರ 14 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ಅಂತರ ಒಂದೂವರೆ ಇರಲಿ. ಒತ್ತು ಕೊಡಲು ಅಡಿಗೆರೆ ಹಾಕಬೇಡಿ. 'ಒತ್ತಿರಿ' ಎಂಬ ಪದದ ತ ಒತ್ತೇ ಆ ಗೆರೆಯಲ್ಲಿ ಮುಳುಗಿಹೋಗುತ್ತದೆ. ಅಕ್ಷರವನ್ನು ಓರೆ ಮಾಡಿದರೂ ಚೆನ್ನಾಗಿ ಕಾಣುವುದಿಲ್ಲ. ತೀರ ದಪ್ಪ ಮಾಡಿದರೆ ಝೆರಾಕ್ಸ್‌ನಲ್ಲಿ 'ಠ', 'ಥ'ಗಳ ಒಳಗಿನ ಚುಕ್ಕೆ ತುಂಬಿಕೊಳ್ಳುತ್ತದೆ. ಮುಖ್ಯವಾದ ಮಾತಿನ ಸುತ್ತ ಒಂದು ಚೌಕ ಎಳೆಯಿರಿ, ಅದು ಎಷ್ಟನೆಯ ನಕಲಿನಲ್ಲಾದರೂ ಉಳಿಯುತ್ತದೆ. ಅಂಕಿಗಳನ್ನು 1, 2, 3 ಎಂದೇ ಹಾಕಿ, ಕೀಲಿಮಣೆಯ ಮೇಲೆ ಇರುವುದೂ ಅವೇ.

ಮೇಜಿಗೆ ಅಂಟುವ ಹಾಳೆ

ಮನೆಗೆ ಒಯ್ಯಬೇಕಾಗಿಲ್ಲದ, ಕಂಪ್ಯೂಟರ್ ಮುಂದೆ ಕುಳಿತಾಗ ಮಾತ್ರ ಬೇಕಾಗುವ ವಿಷಯಗಳಿವೆ. ಅವನ್ನು ಲ್ಯಾಮಿನೇಷನ್ ಮಾಡಿಸಿ ಮೇಜಿನ ಮೇಲೆಯೇ ಇಡುವುದು ಲೇಸು. ನನ್ನ ಅನುಭವದಲ್ಲಿ ಇದಕ್ಕೆ ನೂರಕ್ಕೆ ನೂರು ಹೊಂದುವುದು ಕನ್ನಡ ಕೀಲಿಮಣೆಯ ಚಿತ್ರ ಒಂದೇ.

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಸುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಒಮ್ಮೆ ಅದರ ಒಳಗುಟ್ಟು ತಿಳಿದರೆ ಬಲು ಸುಲಭ. ಆದರೆ ಹೊಸಬರು ತಡವರಿಸುವುದು ಎರಡೇ ಕಡೆ. ಒಂದು, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು ಎಂಬುದು. ಎರಡು, ಟ ಮತ್ತು ಡ ಇರುವ ಜಾಗ. 'ಕನ್ನಡ' ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಡಿ ಒತ್ತಿದರೆ ದ ಬರುತ್ತದೆ, 'ಕನ್ನದ' ಆಗುತ್ತದೆ. ಟ ಇರುವುದು ಕ್ಯೂ ಕೀಲಿಯಲ್ಲಿ. ಹೀಗಾಗಿ ಮೇಜಿನ ಹಾಳೆಯಲ್ಲಿ ಪೂರ್ತಿ ಕೀಲಿಮಣೆಯ ಚಿತ್ರ ಹಾಕಿ, ಎಫ್, ಕ್ಯೂ, ಡಬ್ಲ್ಯೂ ಈ ಮೂರಕ್ಕೆ ಮಾತ್ರ ದಪ್ಪ ಚೌಕ ಎಳೆಯಿರಿ. ಕೆಳಗೆ ಐದಾರು ಪದಗಳು ಸಾಕು: ಅಕ್ಕ, ಕನ್ನಡ, ಕೊಪ್ಪಳ, ಬಳ್ಳಾರಿ, ತಮ್ಮ ಊರಿನ ಹೆಸರು. ತಮ್ಮ ಊರಿನ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಮೂಡಿದಾಗ ಅರವತ್ತು ದಾಟಿದವರ ಮುಖದಲ್ಲಿ ಬರುವ ಕಳೆಯನ್ನು ನಾನು ಬಣ್ಣಿಸಲಾರೆ.

ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬೆಳಕು ಪ್ರತಿಫಲಿಸಿ ಓದಲಾಗುವುದಿಲ್ಲ. ಮಂಕು ಹಾಳೆ ಸಿಕ್ಕರೆ ಅದನ್ನೇ ಕೇಳಿ, ಸಿಗದಿದ್ದರೆ ಮೇಜಿನ ಮೇಲೆ ಮಲಗಿಸದೆ ಪರದೆಯ ಪಕ್ಕದಲ್ಲಿ ನಿಲ್ಲಿಸಿ. ಗೋಡೆಯ ದೊಡ್ಡ ಚಾರ್ಟ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕುಳಿತವರ ಬೆನ್ನಿನ ಹಿಂದೆ ಇರುವ ಚಾರ್ಟ್‌ನಿಂದ ಗೋಡೆಗೆ ಅಂದ, ಅಷ್ಟೇ.

ಪರದೆಯ ಚಿತ್ರ ಬೇಕೇ, ಮಾತೇ ಸಾಕೇ

ಇಲ್ಲಿ ಜನ ಎರಡು ಬಣವಾಗುತ್ತಾರೆ. ಪ್ರತಿ ಹಂತಕ್ಕೂ ಪೂರ್ತಿ ಪರದೆಯ ಚಿತ್ರ ಹಾಕುವವರು ಒಂದು ಕಡೆ, ಬರೀ ಸಾಲುಗಳನ್ನು ಬರೆಯುವವರು ಇನ್ನೊಂದು ಕಡೆ. ಎರಡೂ ಸೋಲುತ್ತವೆ. ಪೂರ್ತಿ ಪರದೆಯನ್ನು ಅಂಗೈಯಗಲಕ್ಕೆ ಕುಗ್ಗಿಸಿದರೆ ಗುಂಡಿಯ ಮೇಲಿನ ಅಕ್ಷರ ಇರುವೆಯಷ್ಟಾಗುತ್ತದೆ. ಎರಡನೆಯ ಝೆರಾಕ್ಸ್‌ಗೆ ಬೂದುಬಣ್ಣವೆಲ್ಲ ಕಪ್ಪಾಗಿ ಉಳಿಯುವುದು ಒಂದು ಮಸಿಯ ಚೌಕ. ಬರೀ ಮಾತಿನ ಹಾಳೆಯ ತೊಂದರೆ ಬೇರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಸುಮಾರು ಶೇ 75 ಇದ್ದಾಗ ರಾಯಚೂರು ಜಿಲ್ಲೆಯದು ಶೇ 60ರ ಆಸುಪಾಸಿನಲ್ಲಿತ್ತು. ಅಂದು ಶಾಲೆ ತಪ್ಪಿದವರೂ ಇಂದು ನಮ್ಮ ತರಗತಿಗೆ ಬರುತ್ತಾರೆ. ಅವರು ಕನ್ನಡವನ್ನು ಕೂಡಿಸಿಕೊಂಡು ಓದುತ್ತಾರೆ, ಇಂಗ್ಲಿಷ್ ಅಕ್ಷರ ಅವರಿಗೆ ಬರಿಯ ಆಕಾರ.

ಈಗ ಹಾಳೆಯಲ್ಲಿ 'ಸೇವ್ ಒತ್ತಿ' ಎಂದು ಬರೆಯುತ್ತೀರಿ ಎನ್ನಿ. ಪರದೆಯ ಮೇಲೆ ಆ ಪದ ಇರುವುದು ಇಂಗ್ಲಿಷ್ ಲಿಪಿಯಲ್ಲಿ. ಕನ್ನಡದ 'ಸೇ' ಮತ್ತು 'ವ್' ಹಿಡಿದುಕೊಂಡು ಅವರು ಪರದೆಯಲ್ಲಿ ಏನನ್ನು ಹುಡುಕಬೇಕು? 'ಉಳಿಸು' ಎಂದು ಅಚ್ಚಕನ್ನಡದಲ್ಲಿ ಬರೆದರೆ ಅರ್ಥವಾಗುತ್ತದೆ, ಗುಂಡಿ ಮಾತ್ರ ಸಿಗುವುದಿಲ್ಲ. ಈ ಒಂದು ತೊಡಕಿನಿಂದಲೇ ಎಷ್ಟೋ ಒಳ್ಳೆಯ ಹಾಳೆಗಳು ಕೆಲಸಕ್ಕೆ ಬಾರದಂತಾಗಿವೆ.

ನಾನು ಕಂಡುಕೊಂಡ ದಾರಿ ಇದು. ಪೂರ್ತಿ ಪರದೆ ಬೇಡ, ಒತ್ತಬೇಕಾದ ಗುಂಡಿಯನ್ನಷ್ಟೇ ಕತ್ತರಿಸಿ, ಪರದೆಯಲ್ಲಿ ಕಾಣುವಷ್ಟೇ ದೊಡ್ಡದಾಗಿ ಸಾಲಿನ ಎಡಕ್ಕೆ ಇಡುತ್ತೇನೆ. ಅದರ ಪಕ್ಕ ಕನ್ನಡ ಲಿಪಿಯಲ್ಲಿ ಅದರ ಉಚ್ಚಾರ, ಏಕೆಂದರೆ ಬೇರೆಯವರನ್ನು ಕೇಳುವಾಗ ಅವರು 'ಸೇವ್' ಎಂದೇ ಹೇಳಬೇಕಾಗುತ್ತದೆ. ಮೊದಲ ಸಲ ಬಂದಾಗ ಮಾತ್ರ ಅದು ಏನು ಮಾಡುತ್ತದೆ ಎಂದು ನಾಲ್ಕು ಮಾತು: 'ಬರೆದದ್ದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತದೆ'. ಸೇವ್ ಗುರುತಿನಲ್ಲಿರುವ ಫ್ಲಾಪಿಯನ್ನು, ಹಿಂದೆ ಕಡತ ಇಟ್ಟುಕೊಳ್ಳುತ್ತಿದ್ದ ಆ ಚಪ್ಪಟೆ ಡಿಸ್ಕನ್ನು, ಈಗಿನ ಯಾರೂ ಕಂಡಿಲ್ಲ. ನಮ್ಮ ತರಗತಿಯ ಹಿರಿಯರೊಬ್ಬರು ಅದನ್ನು 'ಟೇಪ್ ರೆಕಾರ್ಡರಿನ ಕ್ಯಾಸೆಟ್' ಎಂದರು, ಅಂದಿನಿಂದ ಎಲ್ಲರಿಗೂ ಅದು ಕ್ಯಾಸೆಟ್ಟೇ. ನಾನು ಹಾಳೆಯಲ್ಲೂ 'ಕ್ಯಾಸೆಟ್ ಗುರುತು' ಎಂದೇ ಬರೆದೆ. ಕಲಿಯುವವರ ಬಾಯಲ್ಲಿ ಹುಟ್ಟಿದ ಹೆಸರನ್ನು ತಿದ್ದಬೇಡಿ.

ಪೂರ್ತಿ ಪರದೆಯ ಚಿತ್ರ ಒಂದೇ ಒಂದು ಬೇಕು, ಹಾಳೆಯ ತಲೆಯಲ್ಲಿ: 'ಇಂಥ ಪುಟ ಕಂಡರೆ ನೀವು ಸರಿಯಾದ ಜಾಗದಲ್ಲಿದ್ದೀರಿ'. ಚಿತ್ರ ತೆಗೆಯುವ ಮುನ್ನ ಕಂಪ್ಯೂಟರ್ ಬಿಳಿ ಹಿನ್ನೆಲೆಯಲ್ಲಿರಲಿ, ಬಾಣವನ್ನು ಕೆಂಪಿನಲ್ಲಿ ಎಳೆಯಬೇಡಿ. ಕಪ್ಪು ಬಿಳುಪು ನಕಲಿನಲ್ಲಿ ಕೆಂಪು ಮಂಕಾಗುತ್ತದೆ. ಪೆನ್ನಿನಿಂದ ಕೈಯಲ್ಲೇ ಎಳೆದ ಕಪ್ಪು ಬಾಣ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ನಿಮ್ಮದೋ ಇನ್ನೊಬ್ಬರದೋ ನಿಜವಾದ ಅರ್ಜಿಯ ಚಿತ್ರವನ್ನು ಎಂದೂ ಬಳಸಬೇಡಿ. ಅದರಲ್ಲಿ ಮೊಬೈಲ್ ಸಂಖ್ಯೆ, ಹುಟ್ಟಿದ ದಿನ, ಆಧಾರ್ ಎಲ್ಲ ಇರುತ್ತವೆ, ಹಾಳೆ ಊರೆಲ್ಲ ತಿರುಗುತ್ತದೆ. ಆಧಾರ್ ಬಗ್ಗೆ ಕಲಿಸುವ ಹಾಳೆಯಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳುವುದನ್ನೇ ಕಲಿಸಿ.

'ಒತ್ತಿ' ಎಂಬ ಪದದ ಎರಡು ಮುಖ

ಭಾಷೆಯ ಆಯ್ಕೆಯಲ್ಲಿ ಗ್ರಾಂಥಿಕ, ಆಡುಮಾತು ಎಂಬ ಚರ್ಚೆಗಿಂತ ಮುಖ್ಯವಾದದ್ದೊಂದಿದೆ. ಕನ್ನಡದಲ್ಲಿ ಕ್ರಿಯೆಗಳನ್ನು ಸರಪಳಿಯಂತೆ ಪೋಣಿಸುವುದು ನಮಗೆ ಉಸಿರಾಡಿದಷ್ಟು ಸಹಜ. 'ಫೈಲ್‌ಗೆ ಹೋಗಿ ಸೇವ್ ಒತ್ತಿ ಹೆಸರು ಕೊಟ್ಟು ಜಾಗ ಆರಿಸಿ ಓಕೆ ಮಾಡಿ.' ಮಾತಿನಲ್ಲಿ ಇದು ಸೊಗಸು. ಹಾಳೆಯಲ್ಲಿ ಇದು ಐದು ಕೆಲಸಗಳ ಒಂದು ಗಂಟು. ಅದಕ್ಕಿಂತ ಸೂಕ್ಷ್ಮವಾದ ತೊಡಕು: 'ಒತ್ತಿ' ಎಂದರೆ 'ನೀವು ಒತ್ತಿ' ಎಂಬ ಸೂಚನೆಯೂ ಆಗುತ್ತದೆ, 'ಒತ್ತಿದ ಮೇಲೆ' ಎಂಬ ಅರ್ಥವೂ ಆಗುತ್ತದೆ. ಕೂಡಿಸಿ ಓದುವವರು ಸಾಲು ಎಲ್ಲಿ ಮುಗಿಯಿತು ಎಂದು ತಿಳಿಯದೆ ನಿಲ್ಲುತ್ತಾರೆ. ಅದಕ್ಕಾಗಿ ನಾನು 'ಒತ್ತಿರಿ', 'ಬರೆಯಿರಿ', 'ನೋಡಿರಿ' ಎಂದು ಪೂರ್ತಿ ರೂಪವನ್ನೇ ಬರೆಯುತ್ತೇನೆ, ಒಂದು ವಾಕ್ಯಕ್ಕೆ ಒಂದೇ ಕೆಲಸ ಇಡುತ್ತೇನೆ.

ಜಾಗವನ್ನು ಮೊದಲು ಹೇಳಿ, ಕೆಲಸವನ್ನು ಆಮೇಲೆ. 'ಎಡಗಡೆ ಮೇಲಿನ ಮೂಲೆ ನೋಡಿರಿ. ಫೈಲ್ ಇದೆ. ಒತ್ತಿರಿ.' ಕಣ್ಣು ಅಲ್ಲಿ ತಲುಪಿದ ಮೇಲೆ ಕೈ ಹೋಗುತ್ತದೆ. ಕಚೇರಿಯ ಕನ್ನಡ ಮಾತ್ರ ಬೇಡವೇ ಬೇಡ. 'ಸದರಿ ಆಯ್ಕೆಯನ್ನು ಕ್ಲಿಕ್ಕಿಸತಕ್ಕದ್ದು' ಎಂದು ಓದಿದವರು ಕಂಪ್ಯೂಟರಿಗೆ ಹೆದರುವುದಕ್ಕಿಂತ ಹಾಳೆಗೇ ಹೆದರುತ್ತಾರೆ.

ಬಳ್ಳಾರಿ, ಸಿರುಗುಪ್ಪದ ಕಡೆ ಮನೆಯಲ್ಲಿ ತೆಲುಗು ಆಡುವವರು, ರಾಯಚೂರಿನಲ್ಲಿ ಉರ್ದು ಆಡುವವರು ತರಗತಿಯಲ್ಲಿ ಇದ್ದೇ ಇರುತ್ತಾರೆ. ಮೂರು ಭಾಷೆಯನ್ನೂ ಒಂದೇ ಬದಿಯಲ್ಲಿ ತುಂಬಬೇಡಿ. ಗುಂಡಿಯ ಚಿತ್ರವೂ ಅಂಕಿಯೂ ಎಲ್ಲರಿಗೂ ಒಂದೇ. ಬೇಕಾದರೆ ಹಿಂಬದಿಯಲ್ಲಿ ಅದೇ ಚಿತ್ರ, ಅದೇ ಅಂಕಿ ಇಟ್ಟು ಇನ್ನೊಂದು ಭಾಷೆಯ ಸಾಲು ಬರೆಯಿಸಿ. ಬರೆಯುವವರು ಆ ಭಾಷೆಯನ್ನು ಮನೆಯಲ್ಲಿ ಆಡುವವರೇ ಆಗಿರಲಿ.

ಒಂದು ಹಾಳೆ, ಹತ್ತಿರದಿಂದ

ಅರ್ಜಿ ತುಂಬುವವರೆಲ್ಲರಿಗೂ ಬೇಕಾಗುವ ಕೆಲಸ ಫೋಟೋದ ಗಾತ್ರ ಇಳಿಸುವುದು. ವಿದ್ಯಾರ್ಥಿವೇತನವಿರಲಿ, ಉದ್ಯೋಗದ ಅರ್ಜಿಯಿರಲಿ, 'ಫೋಟೋ ಇಷ್ಟು ಕೆಬಿ ಒಳಗಿರಬೇಕು' ಎಂಬ ಸಾಲಿನಲ್ಲಿ ಜನ ಸಿಕ್ಕಿಬೀಳುತ್ತಾರೆ. ನಮ್ಮ ಹಾಳೆ ಹೀಗಿದೆ, ಪ್ರತಿ ಸಾಲಿನ ಎಡಕ್ಕೆ ಗುಂಡಿಯ ಚಿತ್ರ ಇದೆ ಎಂದುಕೊಳ್ಳಿ:

ಫೋಟೋ ಚಿಕ್ಕದು ಮಾಡುವುದು
ಅರ್ಜಿಯಲ್ಲಿ ಕೇಳಿದ ಗಾತ್ರ: ________ ಕೆಬಿ

1. ಫೋಟೋದ ಮೇಲೆ ಬಾಣ ಇಡಿರಿ. ಮೌಸ್‌ನ ಬಲಗುಂಡಿ ಒತ್ತಿರಿ. ಒಂದು ಪಟ್ಟಿ ಬರುತ್ತದೆ.
2. 'ಓಪನ್ ವಿತ್' ಆರಿಸಿರಿ. ಅದರಲ್ಲಿ 'ಪೇಂಟ್' ಒತ್ತಿರಿ.
3. ಮೇಲ್ಗಡೆ 'ರಿಸೈಜ್' ಇದೆ. ಒತ್ತಿರಿ. ಚಿಕ್ಕ ಕಿಟಕಿ ತೆರೆಯುತ್ತದೆ.
4. 'ಪಿಕ್ಸೆಲ್ಸ್' ಆರಿಸಿರಿ. ಅಗಲದ ಖಾನೆಯಲ್ಲಿ 276 ಬರೆಯಿರಿ. ಎತ್ತರ ತಾನೇ ಬದಲಾಗುತ್ತದೆ. 'ಓಕೆ' ಒತ್ತಿರಿ.
5. 'ಫೈಲ್' ಒತ್ತಿರಿ. 'ಸೇವ್ ಆ್ಯಸ್'ನಲ್ಲಿ 'ಜೆಪೆಗ್' ಆರಿಸಿರಿ. ಹೊಸ ಹೆಸರು ಕೊಡಿರಿ. ಹಳೆಯ ಫೋಟೋ ಹಾಗೇ ಇರುತ್ತದೆ.

ಸರಿಯಾಯಿತೇ? ಹೊಸ ಫೋಟೋದ ಮೇಲೆ ಬಲಗುಂಡಿ ಒತ್ತಿರಿ. 'ಪ್ರಾಪರ್ಟೀಸ್'ನಲ್ಲಿ 'ಸೈಜ್' ಎದುರು ಎಷ್ಟು ಕೆಬಿ ಇದೆ ನೋಡಿರಿ.
ತಪ್ಪಾಯಿತೇ? ಕಂಟ್ರೋಲ್ ಕೀಲಿ ಹಿಡಿದುಕೊಂಡು ಝಡ್ ಒತ್ತಿರಿ. ಹಿಂದಿನ ಸ್ಥಿತಿಗೆ ಬರುತ್ತದೆ.

276 ಎಲ್ಲಿಂದ ಬಂತು ಎಂದು ಕಲಿಸುವವರಿಗೆ ಗೊತ್ತಿರಲಿ: 3.5 × 4.5 ಸೆಂ.ಮೀ. ಫೋಟೋವನ್ನು ಇಂಚಿಗೆ 200 ಚುಕ್ಕೆಯ ಲೆಕ್ಕದಲ್ಲಿ ಹಿಡಿದರೆ 276 × 354 ಪಿಕ್ಸೆಲ್ ಆಗುತ್ತದೆ. ಕಲಿಯುವವರಿಗೆ ಈ ಲೆಕ್ಕ ಬೇಕಿಲ್ಲ. ಹಾಳೆಯಲ್ಲಿ ಅತ್ಯಂತ ಬೆಲೆಯುಳ್ಳವು ಕೊನೆಯ ಎರಡು ಸಾಲು. 1980ರ ದಶಕದಲ್ಲಿ ಐಬಿಎಂನ ಸಂಶೋಧಕ ಜಾನ್ ಕ್ಯಾರೊಲ್ ಮತ್ತು ಸಂಗಡಿಗರು ವರ್ಡ್ ಪ್ರೊಸೆಸರ್ ಕಲಿಯುವವರನ್ನು ಹತ್ತಿರದಿಂದ ನೋಡಿ, ದಪ್ಪ ಕೈಪಿಡಿಯನ್ನು ಬದಿಗಿಟ್ಟು, ತಪ್ಪಿನಿಂದ ಹೊರಬರುವ ದಾರಿಯನ್ನೂ ಹೇಳುವ ಕಿರಿದಾದ ಕೈಪಿಡಿ ಮಾಡಿದರು. ಜನ ಅದರಿಂದ ಬೇಗ ಕಲಿತರು. ನಮ್ಮಲ್ಲೂ ಅದೇ. ಯಂತ್ರ ಕೆಟ್ಟುಹೋದೀತು ಎಂಬ ಅಂಜಿಕೆ ಕಂಪ್ಯೂಟರ್ ಮುಟ್ಟದವರಲ್ಲಿ ಆಳವಾಗಿರುತ್ತದೆ. 'ತಪ್ಪಾಯಿತೇ?' ಎಂದು ಹಾಳೆಯೇ ಕೇಳಿ ದಾರಿ ತೋರಿಸಿದರೆ ಕೈ ಮುಂದೆ ಹೋಗುತ್ತದೆ.

ಮೊಬೈಲಿಗೆ ಕಳಿಸಿದರೆ ಸಾಲದೇ

ಖರ್ಚಿಲ್ಲ, ಹರಿಯುವುದಿಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಎಲ್ಲರ ಕೈಯಲ್ಲೂ ಇಲ್ಲ, ಎಲ್ಲರ ಮನೆಯಲ್ಲೂ ಇದೆ. ಈ ವ್ಯತ್ಯಾಸ ದೊಡ್ಡದು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರ ಮನೆಯ ಮೊಬೈಲ್ ಗಂಡನ ಜೊತೆ ಹೊಲಕ್ಕೆ, ಇಲ್ಲವೇ ಮಗನ ಜೊತೆ ಪೇಟೆಗೆ ಹೋಗಿರುತ್ತದೆ. ಅವರಿಗೆ ತಮ್ಮದು ಎಂದು ಇರುವುದು ಆ ಕಾಗದದ ಹಾಳೆ ಮಾತ್ರ.

ಕಂಪ್ಯೂಟರ್ ಕೆಲಸದ ಹಾಳೆ ಮೊಬೈಲಿನಲ್ಲಿದ್ದರೆ ಅರ್ಧ ನಿಮಿಷಕ್ಕೊಮ್ಮೆ ಪರದೆ ಆರಿ, ಮತ್ತೆ ತೆರೆದು, ಎಲ್ಲಿದ್ದೆವೋ ಅಲ್ಲಿಗೆ ಬರಬೇಕು. ಮೊಬೈಲಿನಲ್ಲೇ ಮಾಡುವ ಕೆಲಸ, ಡಿಜಿಲಾಕರ್ ತೆರೆಯುವುದು ಎನ್ನಿ, ಅದಕ್ಕೆ ಕಾಗದ ಇನ್ನೂ ಹೆಚ್ಚು ಬೇಕು. ಕೆಲಸವೂ ಸೂಚನೆಯೂ ಒಂದೇ ಚಿಕ್ಕ ಪರದೆಯ ಮೇಲೆ ಇದ್ದರೆ ಒಂದನ್ನು ಮುಚ್ಚಿಯೇ ಇನ್ನೊಂದನ್ನು ನೋಡಬೇಕು. ಆದ್ದರಿಂದ ಪಿಡಿಎಫ್ ಅನ್ನು ಕಾಗದದ ಜೊತೆಗೆ ಕಳಿಸಿ, ಕಾಗದಕ್ಕೆ ಬದಲಾಗಿ ಕಳಿಸಬೇಡಿ. ಹಾಳೆ ಕಳೆದುಕೊಂಡವರಿಗೆ, ಹೊರ ಊರಿಗೆ ಹೋದವರಿಗೆ ಅದು ಉಪಕಾರ.

ವಿಡಿಯೊ ಒಮ್ಮೆ ಪೂರ್ತಿ ನೋಡಲು ಸರಿ, ಕೆಲಸ ಮಾಡುತ್ತಾ ನಿಲ್ಲಿಸಿ ನಿಲ್ಲಿಸಿ ನೋಡಲು ಅಲ್ಲ. ಓದಲು ಬಾರದವರಿಗೆ ಮಾತ್ರ ವಾಟ್ಸ್ಆ್ಯಪ್‌ನ ಧ್ವನಿ ಸಂದೇಶ ನಿಜಕ್ಕೂ ದೊಡ್ಡ ಆಸರೆ. ಒಂದು ಹಂತಕ್ಕೆ ಒಂದು ಸಂದೇಶ, 'ಇದು ಮೂರನೆಯದು' ಎಂದು ಅಂಕಿ ಹೇಳಿಯೇ ಶುರು ಮಾಡಿ. ಹಾಳೆಯ ಅಂಕಿಯೂ ಧ್ವನಿಯ ಅಂಕಿಯೂ ಒಂದೇ ಆಗಿದ್ದರೆ ಅವರು ಚಿತ್ರ ನೋಡುತ್ತಾ ಕೇಳುತ್ತಾರೆ.

ಖಾಲಿ ಜಾಗ, ಮತ್ತು ಎಂದೂ ಬಿಡಬಾರದ ಜಾಗ

ಎಲ್ಲವನ್ನೂ ಅಚ್ಚು ಹಾಕಿಕೊಡುವುದೋ, ತುಂಬಿಕೊಳ್ಳಲು ಜಾಗ ಬಿಡುವುದೋ? ನಾನು ಜಾಗ ಬಿಡುವ ಕಡೆಯವಳು. ತಮ್ಮ ಕೈಯಿಂದ ಬರೆದ ಒಂದು ಸಾಲು ಅಚ್ಚಿನ ಹತ್ತು ಸಾಲಿಗಿಂತ ಚೆನ್ನಾಗಿ ನೆನಪಿರುತ್ತದೆ. ಹಾಳೆಯ ಮೂಲೆಯಲ್ಲಿ 'ನನ್ನ ಗುರುತು' ಎಂದು ಎರಡು ಗೆರೆ ಬಿಡುತ್ತೇನೆ. ಕೆಲವರು ಅಲ್ಲಿ ಗುಂಡಿಯ ಚಿತ್ರ ಬಿಡಿಸಿಕೊಳ್ಳುತ್ತಾರೆ, ಕೆಲವರು ತೆಲುಗಿನಲ್ಲಿ ಬರೆದುಕೊಳ್ಳುತ್ತಾರೆ.

ಪಾಸ್‌ವರ್ಡ್‌ಗೆ ಮಾತ್ರ ಖಾನೆ ಬಿಡಲೇಬೇಡಿ. ಖಾನೆ ಇದ್ದರೆ ಜನ ಪ್ರಾಮಾಣಿಕವಾಗಿ ತುಂಬುತ್ತಾರೆ, ಅದೇ ಹಾಳೆ ಝೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಉಳಿದುಬಿಡುತ್ತದೆ. ಬದಲಿಗೆ ಹಾಳೆಯ ಅಡಿಯಲ್ಲಿ ಚೌಕದೊಳಗೆ ಮೂರು ಸಾಲು ಎಲ್ಲ ಹಾಳೆಗಳಿಗೂ ಒಂದೇ ರೀತಿ ಹಾಕಿ: ಒಟಿಪಿಯನ್ನು ಯಾರಿಗೂ ಹೇಳಬೇಡಿರಿ. ಕೆಲಸ ಮುಗಿದ ಮೇಲೆ 'ಲಾಗ್ ಔಟ್' ಒತ್ತಿರಿ. ಹಣ ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿರಿ. ಗ್ರಂಥಾಲಯದ ಕಂಪ್ಯೂಟರ್ ಹತ್ತಾರು ಜನ ಬಳಸುವಂಥದ್ದು, ಲಾಗ್ ಔಟ್ ಮರೆತರೆ ಮುಂದೆ ಕುಳಿತವರಿಗೆ ಮನೆಯ ಬಾಗಿಲು ತೆರೆದಿಟ್ಟಂತೆ. ಜಾಲತಾಣದ ವಿಳಾಸವನ್ನು ಮಾತ್ರ ಪರದೆಯಲ್ಲಿ ಕಾಣುವ ಲಿಪಿಯಲ್ಲೇ, ಇದ್ದಂತೆಯೇ ದೊಡ್ಡದಾಗಿ ಅಚ್ಚು ಹಾಕಿ. ಸರ್ಕಾರದ ಸೇವೆಯ ವಿಳಾಸದ ತುದಿಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ಎಂದು ನೋಡುವುದನ್ನು ಮೊದಲ ದಿನವೇ ಕಲಿಸಿ.

ಮುದ್ರಣ, ಪರೀಕ್ಷೆ, ದಿನಾಂಕ

ಇಂಕ್‌ಜೆಟ್ ಪ್ರಿಂಟಿನ ಮಸಿ ಬೆವರಿದ ಕೈಗೆ ಹರಡುತ್ತದೆ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಬೆವರದ ಕೈ ಯಾವುದು? ಒಂದು ಒಳ್ಳೆಯ ಲೇಸರ್ ಪ್ರಿಂಟ್ ತೆಗೆದು ಅದನ್ನೇ ಮೂಲಪ್ರತಿಯಾಗಿ ಇಟ್ಟುಕೊಳ್ಳಿ, ಝೆರಾಕ್ಸ್ ಯಾವಾಗಲೂ ಅದರಿಂದಲೇ ಆಗಲಿ. ನಕಲಿನ ನಕಲು ಬೇಡ. ಅಂಗಡಿಗೆ ಪಿಡಿಎಫ್ ಒಯ್ಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತದೆ. ಹೊಸದಾಗಿ ಬರೆಯುವುದನ್ನು ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ, ಮುಂದೆ ತಿದ್ದುವವರಿಗೂ ಅನುಕೂಲ. ಪ್ರೆಸ್ಸಿಗೆ ಕೊಟ್ಟು ಸಾವಿರ ಪ್ರತಿ ಹಾಕಿಸುವ ಮಾತು ಮೂರು ತಂಡಗಳು ಆ ಹಾಳೆಯಿಂದ ಕಲಿತು ಹೋದ ಮೇಲೆ ಬರಲಿ.

ಹಂಚುವ ಮುನ್ನ ಹಾಳೆಯನ್ನು ತರಗತಿಗೆ ಬಾರದ ಒಬ್ಬರ ಕೈಗೆ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸಿ. ನೀವು ಪಕ್ಕದಲ್ಲಿ ಕುಳಿತು ಬಾಯಿ ಬಿಡಬೇಡಿ. ಇದು ಬಹಳ ಕಷ್ಟ, ನಾಲಿಗೆ ತುದಿಗೆ ಮಾತು ಬರುತ್ತದೆ, ತಡೆದುಕೊಳ್ಳಿ. ಅವರ ಬೆರಳು ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಸರಿಯುವುದನ್ನು ನೋಡುತ್ತಿರಿ. ಬೆರಳು ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿ. ಮೂವರಲ್ಲಿ ಇಬ್ಬರ ಬೆರಳು ಒಂದೇ ಕಡೆ ನಿಂತರೆ ಆ ಸಾಲನ್ನು ಹೊಸದಾಗಿ ಬರೆಯಿರಿ. ಫೋಟೋದ ಹಾಳೆಯಲ್ಲಿ ಎಲ್ಲರೂ ನಿಂತದ್ದು ಮೊದಲ ಸಾಲಿನಲ್ಲೇ: ನಾನು 'ರೈಟ್ ಕ್ಲಿಕ್' ಎಂದು ಬರೆದಿದ್ದೆ. 'ಬಲಗುಂಡಿ' ಎಂದು ಮಾಡಿದ ದಿನದಿಂದ ಆ ಸಾಲಿನಲ್ಲಿ ಯಾರ ಬೆರಳೂ ನಿಂತಿಲ್ಲ.

ಹಾಳೆಯ ಅಡಿಯಲ್ಲಿ 'ಈ ಹಾಳೆಯಂತೆ ಮಾಡಿ ನೋಡಿದ ದಿನ' ಎಂದು ದಿನಾಂಕ ಹಾಕಿ. ಮೂರು ತಿಂಗಳಿಗೊಮ್ಮೆ ಎಲ್ಲ ಹಾಳೆಗಳನ್ನೂ ಕೈಯಲ್ಲಿ ಹಿಡಿದು, ಹೊಸಬರಂತೆ ಒಂದೊಂದಾಗಿ ಮಾಡಿ ನೋಡುವ ಕೆಲಸವನ್ನು ನಾವು ತರಗತಿಯ ಹಳೆಯ ವಿದ್ಯಾರ್ಥಿಗಳಿಗೇ ಒಪ್ಪಿಸಿದ್ದೇವೆ. ಜಾಲತಾಣ ಬದಲಾಗಿದ್ದರೆ ಅವರೇ ಬಂದು ಹೇಳುತ್ತಾರೆ. ಮೂಲಪ್ರತಿಗಳ ಕಡತ ಮೇಲ್ವಿಚಾರಕರ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಹಳತಾದ ಹಾಳೆಗಳ ಖಾಲಿ ಹಿಂಬದಿಯಲ್ಲಿ ಶನಿವಾರದ ಮಕ್ಕಳು ಚಿತ್ರ ಬರೆಯುತ್ತಾರೆ.